ತಲೆ ಅಲ್ಲಾಡಿಸಬೇಡಿ ಅಂದೆ

ಪಕ್ಕದ ಮನೆಯವರು ಹೊಸ ಹಾಸಿಗೆ ಮಾಡಿಸಿ ಮಹಡಿಯ ಮೇಲೆ ಬಿಸಿಲಿಗೆ ಹಾಕಿದ್ದಾರೆ. ಹೊಸ ಹತ್ತಿಗೆ ಒಂದು ವಾಸನೆ ಇರುತ್ತದೆ, ನೀವೂ ಬಲ್ಲಿರಿ: ಸ್ವಲ್ಪ ಧೂಳು, ಸ್ವಲ್ಪ ಬೀಜದೆಣ್ಣೆ, ಸ್ವಲ್ಪ ಗೋಣಿಚೀಲ. ಬೇರೆಯವರಿಗೆ ಅದರಿಂದ ಸುಖವಾದ ನಿದ್ದೆ ನೆನಪಾಗಬಹುದು. ನನಗೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಬೆಳಿಗ್ಗೆ ಬಟ್ಟೆ ಒಣಗಹಾಕಲು ಮೇಲೆ ಹೋದವನು ಅರ್ಧ ಬಕೆಟ್ಟು ಬಟ್ಟೆಯನ್ನು ಅಲ್ಲೇ ಬಿಟ್ಟು ಇಳಿದು ಬಂದೆ.

ಯಾಕೆಂದು ಹೇಳುತ್ತೇನೆ. ಮೊದಲು ನಾನು ಎಂಥವನೆಂದು ತಿಳಿದರೆ ಒಳ್ಳೆಯದು. ನಾನು ಸರ್ವೆ ಇಲಾಖೆಯಲ್ಲಿದ್ದವನು. ಜನ್ಮವಿಡೀ ಊರವರ ಹೊಲದ ಬದು ಅಳೆದವನಿಗೆ ನಿವೃತ್ತಿಯಾದ ಮೇಲೆ ಅಳೆಯಲು ಏನೂ ಇಲ್ಲದೆ ಕೈ ಕಡಿಯುತ್ತಿತ್ತು. "ಬೇಕಾದ್ರೆ ನನ್ನ ದೋಸೆ ಅಳೀರಿ" ಎಂದು ನನ್ನ ಹೆಂಡತಿ ವಿಶಾಲ ಅಣಕಿಸುತ್ತಿದ್ದಳು. ಅಂಥ ಹೊತ್ತಿನಲ್ಲಿ ವಿದ್ಯಾರಣ್ಯಪುರಂನ ನಮ್ಮ ಮನೆಗೆ ಒಂದು ಜೊತೆ ಒಳ್ಳೆಯ ಸ್ಪೀಕರು ಬಂದವು. ಒಂದನ್ನು ಬೀರುವಿನ ಪಕ್ಕ ಮೂಲೆಗೆ, ಇನ್ನೊಂದನ್ನು ಕಿಟಕಿಯ ಕೆಳಗೆ ತಳ್ಳಿ ಹಾಡು ಹಾಕಿದೆ. ಅಂಗಡಿಯಲ್ಲಿ ಅಷ್ಟು ಚೆನ್ನಾಗಿ ಹಾಡಿದ್ದಂಥವು ನಮ್ಮ ಮನೆಯಲ್ಲಿ ನೆಗಡಿಯಾದಂತೆ ಗುಂಯ್‌ಗುಟ್ಟಿದವು.

ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಸ್ಪೀಕರುಗಳನ್ನು ಗೋಡೆಯಿಂದ ಈಚೆಗೆ ತರಬೇಕಂತೆ. ಎರಡು ಸ್ಪೀಕರು, ಕೇಳುವವನ ಕುರ್ಚಿ, ಮೂರೂ ಸಮಬಾಹು ತ್ರಿಕೋನದಲ್ಲಿರಬೇಕಂತೆ. ಗೋಡೆಗೆ ಬಡಿದು ವಾಪಸು ಬರುವ ಸದ್ದನ್ನು ಮೆತ್ತನೆಯದು ಏನಾದರೂ ಕುಡಿಯಬೇಕಂತೆ. ಎಲ್ಲ ಸರಿಯಾಗಿ ಕೂಡಿಬಂದರೆ ಹಾಡು ಪೆಟ್ಟಿಗೆಗಳಿಂದ ಬರುವುದೇ ಇಲ್ಲ. ಎರಡರ ನಡುವೆ, ಏನೂ ಇಲ್ಲದ ಜಾಗದಲ್ಲಿ, ಹಾಡುವವರು ಬಂದು ಕೂರುತ್ತಾರೆ. ಇದನ್ನು ಓದಿದ್ದೇ ತಡ, ಅಟ್ಟದಿಂದ ಅಳತೆಯ ಟೇಪು ಇಳಿಸಿದೆ.

ಸ್ಪೀಕರುಗಳು ಗೋಡೆ ಬಿಟ್ಟು ಮೂರಡಿ ಮುಂದೆ ಬಂದವು. ಓಡಾಡುವ ವಿಶಾಲ ದಿನಕ್ಕೆರಡು ಸಲ ಎಡವತೊಡಗಿದಳು. ಯಾರದೋ ಮಾತು ಕೇಳಿ ಗೋಡೆಗೆ ಮೊಟ್ಟೆ ತಟ್ಟೆಗಳನ್ನು ಅಂಟಿಸಿದೆ. ಬಂದವರೆಲ್ಲ ಕೋಳಿ ಎಲ್ಲಿ ಅಂತ ಕೇಳಿದರೇ ಹೊರತು ಸದ್ದು ಸುಧಾರಿಸಲಿಲ್ಲ. ಆಮೇಲೆ ಹತ್ತಿ ತುಂಬಿದ ದಪ್ಪ ಹಲಗೆಗಳನ್ನು ಮಾಡಿಸುವುದೆಂದು ತೀರ್ಮಾನಿಸಿ, ನಜರ್‌ಬಾದಿನಲ್ಲಿ ಹಾಸಿಗೆ, ಸೋಫಾ ಹೊಲಿಯುವ ಜವರಣ್ಣನವರ ಅಂಗಡಿಗೆ ಹೋದೆ.

ಜವರಣ್ಣ ಕುಂಬಾರಕೊಪ್ಪಲಿನವರು, ನನಗಿಂತ ನಾಲ್ಕೈದು ವರ್ಷ ಚಿಕ್ಕವರು. "ಗೋಡೆಗೆ ಹಾಸ್ಗೆ ಹೊದಿಸ್ತೀರಾ ಸಾ?" ಎಂದು ನಕ್ಕರು. ಆದರೆ ಮನೆಗೆ ಬಂದು ನಡುಮನೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದ ಮೇಲೆ ನಗಲಿಲ್ಲ. ಇನ್ನೊಂದು ತಟ್ಟಿ, ತಲೆಯನ್ನು ನಿಧಾನವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸಿ, "ಸದ್ದು ಆ ಗೋಡೆಗೆ ವೋಗಿ ಈ ಗೋಡೆಗೆ ಬತ್ತದೆ ಸಾ, ನಿಲ್ಲಾಕೆ ಜಾಗ ಇಲ್ದಂಗೆ" ಎಂದರು. ಸರಿಯಾಗಿ ಅದೇ ಮಾತನ್ನು ನಾನು ಹದಿನಾಲ್ಕು ಪುಟ ಓದಿ ತಿಳಿದುಕೊಂಡಿದ್ದೆ.

ಸುಮಾರು ಎರಡು ತಿಂಗಳು ನಾವಿಬ್ಬರೂ ಆ ಕೋಣೆಯಲ್ಲಿ ಒದ್ದಾಡಿದೆವು. ಅಂಗಡಿಯಲ್ಲಿ ಬಿಡುವಿದ್ದಾಗ ಅವರು ಸೈಕಲ್ಲಿನಲ್ಲಿ ಬರುತ್ತಿದ್ದರು. ನಾನು ಕುರ್ಚಿಯಲ್ಲಿ ಕೂರುವುದು, ವಿಶಾಲಳ ಕನ್ನಡಿ ಹಿಡಿದು ಅವರು ಗೋಡೆಗುಂಟ ಸರಿಯುವುದು, ಕನ್ನಡಿಯಲ್ಲಿ ಸ್ಪೀಕರು ಕಂಡ ಕಡೆ ನಾನು "ಅಲ್ಲೇ!" ಎಂದು ಕೂಗುವುದು. ಸದ್ದು ಬಡಿಯುವ ಜಾಗ ಅದೇ. ಅಲ್ಲಿ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ ಹತ್ತಿ ಹಲಗೆ ತೂಗುಹಾಕುವುದು. ಹತ್ತಿ ಎಷ್ಟು ಬಿಗಿಯಾಗಿರಬೇಕು, ಎಷ್ಟು ಸಡಿಲ ಎಂಬುದನ್ನು ಜವರಣ್ಣ ಮೂರು ಸಲ ಬಿಚ್ಚಿ ಹೊಲಿದು ಕಂಡುಹಿಡಿದರು. ಪರೀಕ್ಷೆಗೆ ಇಟ್ಟುಕೊಂಡಿದ್ದು ಒಂದೇ ಸಂಗೀತ ಕಛೇರಿ, ಅದರಲ್ಲೂ ಒಂದೇ ಹಾಡು. ಅದನ್ನು ನೂರು ಸಲವಾದರೂ ಹಾಕಿರಬೇಕು.

ಹಾಡು ಶುರುವಾದಾಗಲೆಲ್ಲ ಅವರು ಕಿಟಕಿಯ ಹತ್ತಿರ ನಿಂತು, ಕಾಳು ಕಂಡ ಕೋಳಿಯ ಹಾಗೆ ತಲೆಯನ್ನು ಆ ಕಡೆ ಈ ಕಡೆ ಹೊರಳಿಸುತ್ತಿದ್ದರು. ಊಟದ ಹೊತ್ತಿನಲ್ಲಿ ಅದನ್ನು ನಾನು ವಿಶಾಲಳಿಗೆ ಅಭಿನಯಿಸಿ ತೋರಿಸುತ್ತಿದ್ದೆ. ಅವಳು ನಗುತ್ತಿರಲಿಲ್ಲ. "ಅವ್ರನ್ನ ಆಡ್ಕೋಬೇಡಿ" ಎಂದಳು ಒಮ್ಮೆ. ಇವಳಿಗೆ ಹಾಸ್ಯಪ್ರಜ್ಞೆ ಕಡಿಮೆ ಎಂದುಕೊಂಡೆ.

ಒಂದು ಮಧ್ಯಾಹ್ನ, ಎಡಗಡೆಯ ಸ್ಪೀಕರನ್ನು ಬೆರಳಷ್ಟು ಒಳಕ್ಕೆ ತಿರುಗಿಸಿ ಬಂದು ಕೂತೆ. ಗಾಯಕಿ ಬಂದರು. ನಿಜವಾಗಿ ಬಂದರು, ನಂಬಿ. ಗೋಡೆಯ ಮುಂದೆ ನಡುವೆ ಅವರು, ಬಲಕ್ಕೆ ಪಿಟೀಲು, ಎಡಕ್ಕೆ ಮೃದಂಗ, ಹಿಂದೆಲ್ಲೋ ತಂಬೂರಿ. ಕೂಗಿಕೊಂಡೆ. "ಜವರಣ್ಣ, ಬನ್ನಿ, ಕೂತ್ಕೊಳ್ಳಿ!" ಅವರು ಚೀಲಕ್ಕೆ ಸೂಜಿ ದಾರ ತುಂಬುತ್ತಾ, "ಇನ್ನೊಂದ್ ದಿನ ಕೂರ್ತೀನಿ ಬುಡಿ ಸಾ, ಅಂಗಡಿ ತೆಗೀಬೇಕು" ಎಂದು ಹೊರಟೇಬಿಟ್ಟರು.

ಆ ಇನ್ನೊಂದು ದಿನವನ್ನು ನಾನೇ ತಂದೆ. ಭಾನುವಾರ ಬೆಳಿಗ್ಗೆ ಇಲಾಖೆಯ ಇಬ್ಬರು ಹಳೆಯ ಗೆಳೆಯರನ್ನೂ ಎದುರುಮನೆಯ ವಕೀಲರನ್ನೂ ಉಪ್ಪಿಟ್ಟಿಗೆ ಕರೆದೆ. ಜವರಣ್ಣನವರನ್ನೂ ಕರೆದೆ. ಅವರಿಗೆ ಮರ್ಯಾದೆ ಮಾಡಲು ಎಂದು ಹೇಳಿಕೊಂಡೆ, ಮೆರೆಯಬೇಕಾಗಿದ್ದವನು ನಾನು. ಒಬ್ಬೊಬ್ಬರನ್ನೇ ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, "ಹಾಡೋರು ಎಲ್ಲಿದ್ದಾರೆ? ಮೃದಂಗ ಎಲ್ಲಿ?" ಎಂದು ಕೇಳುವುದು, ಅವರು ಬೆರಳು ತೋರಿಸುವುದು. ಮೂವರೂ ಪಾಸಾದರು. ಜವರಣ್ಣ ಒಲ್ಲೆನೆಂದರೂ ಬಿಡದೆ ತೋಳು ಹಿಡಿದು ಕೂರಿಸಿದೆ.

ಹಾಡು ಶುರುವಾಯಿತು. ಅವರ ತಲೆ ಹೊರಳಿತು.

"ತಲೆ ಅಲ್ಲಾಡಿಸಬೇಡಿ ಜವರಣ್ಣ, ಚಿತ್ರ ಕೆಟ್ಟುಹೋಗುತ್ತೆ" ಎಂದೆ. ಮತ್ತೆ ಹೊರಳಿತು. ನಾನು ಹಿಂದಿನಿಂದ ಹೋಗಿ ಎರಡೂ ಕೈಯಲ್ಲಿ ಅವರ ತಲೆಯನ್ನು ಹಿಡಿದುಕೊಂಡೆ, ಕ್ಷೌರದವರು ಚಿಕ್ಕ ಮಕ್ಕಳ ತಲೆ ಹಿಡಿಯುವಂತೆ. "ಈಗ ಹೇಳಿ. ಮೃದಂಗ ಎಲ್ಲಿ?"

ಅವರು ಬಲಗಡೆಗೆ ಬೆರಳು ತೋರಿಸಿದರು.

"ಹಾಡೋರು?"

"ಎಲ್ಲಾ ಈ ಕಡೆಯಿಂದ್ಲೇ ಬತ್ತದೆ ಸಾ."

ವಕೀಲರು ಗೊಳ್ಳೆಂದರು. ನಾನು ಸುಮ್ಮನಿರಬಹುದಾಗಿತ್ತು. "ಹತ್ತೀನ ಹಲಗೆಗೆ ಮಾತ್ರ ತುಂಬಿದ್ದೀರಿ ಅಂದ್ಕೊಂಡಿದ್ದೆ ಜವರಣ್ಣ, ಕಿವಿಗೂ ತುಂಬ್ಕೊಂಡಿದ್ದೀರಲ್ಲ!" ಎಂದೆ. ಎಲ್ಲರೂ ನಕ್ಕರು. ಜವರಣ್ಣನೂ ನಕ್ಕರು. "ಇರ್ಬೋದು ಸಾ" ಎಂದು ಎದ್ದು, ಉಪ್ಪಿಟ್ಟು ತಿಂದು, ತಟ್ಟೆಯನ್ನು ತಾವೇ ಬಚ್ಚಲಿಗೆ ಇಟ್ಟು ಬಂದು, ವಿಶಾಲಳಿಗೆ ಮಾತ್ರ "ಬತ್ತೀನಿ ಕಣಮ್ಮ" ಎಂದು ಹೇಳಿ ಹೋದರು.

ಎಲ್ಲರೂ ಹೋದ ಮೇಲೆ ವಿಶಾಲ ಬಾಗಿಲಲ್ಲೇ ನಿಂತಿದ್ದಳು.

"ಅವ್ರಿಗೆ ಎಡಗಿವಿ ಕೇಳೋದಿಲ್ಲ ಅಂತ ಗೊತ್ತಿದ್ದೂ ಹಾಗನ್ನಬಹುದಾ?"

"ಕೇಳೋದಿಲ್ವಾ?"

ಅವಳು ನನ್ನ ಮುಖವನ್ನೇ ನೋಡಿದಳು. ಚಿಕ್ಕಂದಿನಲ್ಲಿ ಜ್ವರ ಬಂದು ಆ ಕಿವಿ ಹೋಯಿತಂತೆ. ಮೊದಲ ದಿನ ಕಾಫಿ ಕೊಡುವಾಗಲೇ, ಎರಡು ಸಲ ಕರೆದರೂ ಓಗೊಡದ್ದನ್ನು ಕಂಡು ಇವಳು ಕೇಳಿದ್ದಳು, ಅವರು ಹೇಳಿದ್ದರು. ಅಂದಿನಿಂದ ಅವರ ಬಲಕ್ಕೆ ಹೋಗಿಯೇ ಮಾತಾಡುತ್ತಿದ್ದಳು. "ನಿಮಗೆ ಗೊತ್ತಿದೆ, ಗೊತ್ತಿದ್ದೂ ಊಟದ ಹೊತ್ತಲ್ಲಿ ಅಣಕಿಸ್ತೀರಿ ಅಂದ್ಕೊಂಡಿದ್ದೆ" ಎಂದಳು. ಎರಡು ತಿಂಗಳು ನನ್ನನ್ನು ಅಂಥ ಮನುಷ್ಯನೆಂದುಕೊಂಡೇ ಬಡಿಸಿದ್ದಳು. ಅಂಥವನಲ್ಲ ನಾನು, ನನಗೆ ಗೊತ್ತೇ ಇರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅದು ಇನ್ನೂ ಕೆಟ್ಟದಾಗಿ ಕೇಳಿಸೀತೆಂದು ಮುಚ್ಚಿದೆ. ಸ್ಪೀಕರು ಅರ್ಧ ಇಂಚು ಸರಿದರೆ ಗುರುತು ಹಿಡಿಯುತ್ತಿದ್ದೆ. ಪಕ್ಕದಲ್ಲೇ ದುಡಿದ ಮನುಷ್ಯನ ಬಗ್ಗೆ ಇದೊಂದು ಕಂಡಿರಲಿಲ್ಲ.

ಕ್ಷಮೆ ಕೇಳಲು ಹತ್ತು ದಿನ ಹಿಡಿಯಿತು. ಮಂಡಿನೋವು, ಮೋಡ, ಶನಿವಾರ, ಹೀಗೆ ಪ್ರತಿ ದಿನಕ್ಕೂ ಒಂದು ಕಾರಣ ಸಿಗುತ್ತಿತ್ತು. ಕೊನೆಗೆ ಹೋದಾಗ ಅವರು ಹೊಲಿಗೆ ಯಂತ್ರದ ಮುಂದೆ ಬಾಗಿ ಕೂತಿದ್ದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದನ್ನು ಅವರ ಪಕ್ಕ ನಿಂತು, ತಲೆ ತಗ್ಗಿಸಿ, ಗದ್ಗದವಾಗಿಯೇ ಒಪ್ಪಿಸಿದೆ. ಯಂತ್ರ ನಿಲ್ಲಲಿಲ್ಲ. ಇಷ್ಟು ಕೋಪವೇ ಎಂದುಕೊಂಡೆ. ಆಮೇಲೆ ತಿಳಿಯಿತು: ನಾನು ಅವರ ಎಡಕ್ಕೆ ನಿಂತಿದ್ದೆ.

ಸುತ್ತಿ ಬಲಕ್ಕೆ ಹೋದೆ. ಬಾಯಿಪಾಠ ಮರೆತುಹೋಗಿತ್ತು. "ಜವರಣ್ಣ, ತಪ್ಪಾಯ್ತು" ಎಂದಷ್ಟೇ ಅಂದೆ.

ಅವರು ಬೆಚ್ಚಿ ತಲೆಯೆತ್ತಿ, ಕುರ್ಚಿ ಎಳೆದು ಕೊಟ್ಟರು. "ಬುಡಿ ಸಾ. ಮಾತು ಬತ್ತದೆ, ವೋಯ್ತದೆ" ಎಂದು ದಾರ ಕಚ್ಚಿ ಕತ್ತರಿಸಿದರು. ನಾನು ಹಗುರಾದೆ ಎನ್ನುವಷ್ಟರಲ್ಲಿ, "ತಲೆ ಹಿಡ್ಕೊಂಡ್ರಲ್ಲ ಸಾ, ಅದೊಂದು ಬೇಜಾರಾಯ್ತು. ನಾನು ತಲೆ ತಿರುಗ್ಸೇ ಕೇಳೋದು. ಅದನ್ನೇ ಹಿಡ್ಕೊಂಡ್ಬುಟ್ರೆ ನಾನು ಎಂಗೆ ಕೇಳ್ಲಿ?" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ಬಹಳ ದಿನ ಅವರು ಮನೆಗೆ ಬರಲಿಲ್ಲ. "ಬತ್ತೀನಿ ಸಾ" ಎನ್ನುತ್ತಿದ್ದರು, ಬರುತ್ತಿರಲಿಲ್ಲ. ನಾನೇ ಆ ಕಡೆ ಹೋದಾಗ ಅಂಗಡಿಯಲ್ಲಿ ಅವರ ಬಲಕ್ಕೆ ಕೂತು ಒಂದು ಲೋಟ ಟೀ ಕುಡಿದು ಬರುವುದು ರೂಢಿಯಾಯಿತು. ಗೋಡೆ, ಹತ್ತಿ, ಇಂಚು ಯಾವುದರ ಸುದ್ದಿಯನ್ನೂ ಎತ್ತುತ್ತಿರಲಿಲ್ಲ.

ಹೋದ ವಾರ ಬಂದರು. ನಮ್ಮ ಓಣಿಯಲ್ಲಿ ಯಾರದೋ ಸೋಫಾ ನೋಡಲು ಬಂದವರು, ವಿಶಾಲಳನ್ನು ಮಾತಾಡಿಸಿ ಹೋಗೋಣವೆಂದು ಒಳಗೆ ಬಂದರು. ನಾನು ಅದೇ ಹಾಡು ಹಾಕಿಕೊಂಡು ಕೂತಿದ್ದೆ. ಗಾಬರಿಯಿಂದ ಎದ್ದು ನಿಲ್ಲಿಸಿದೆ.

"ಯಾಕ್ ಸಾ ನಿಲ್ಲಿಸ್ಬುಟ್ರಿ? ಹಾಕಿ."

ಹಾಕಿದೆ. ಅವರು ಕೋಣೆಯ ನಡುವೆ ನಿಂತು, ನಿಧಾನವಾಗಿ ತಲೆ ಹೊರಳಿಸುತ್ತಾ ಪೂರ್ತಿ ಕೇಳಿದರು. ಎಲ್ಲಿದ್ದಾರೆ, ಎಲ್ಲಿಂದ ಬಂತು ಎಂದು ನಾನು ಏನೂ ಕೇಳಲಿಲ್ಲ. ಮುಗಿದ ಮೇಲೆ ಅವರೇ ನನ್ನ ಕಡೆ ತಿರುಗಿದರು.

"ಎರಡು ತಿಂಗ್ಳು ಕೇಳಿವ್ನಿ, ನಿಮ್ಮನ್ನ ಕೇಳಬೇಕು ಕೇಳಬೇಕು ಅಂತ ಮರ್ತೇಬುಡ್ತಿದ್ದೆ. ತೆಲುಗಲ್ವಾ ಸಾ ಅದು? ಆ ಅಮ್ಮ ಏನಂತ ಹಾಡ್ತಾವ್ರೆ?"

ನಾನು ಸ್ಪೀಕರುಗಳ ನಡುವಿನ ಖಾಲಿ ಗೋಡೆಯನ್ನು ನೋಡಿದೆ. ಆಕೆ ಎಲ್ಲಿ ಕೂತಿದ್ದಾರೆ, ನೆಲದಿಂದ ಎಷ್ಟು ಎತ್ತರದಲ್ಲಿ, ಪಿಟೀಲಿನಿಂದ ಎಷ್ಟು ದೂರದಲ್ಲಿ ಎಂಬುದೆಲ್ಲ ನನಗೆ ಬೆರಳ ತುದಿಯಲ್ಲಿತ್ತು. ಹಾಡಿನ ಒಂದು ಮಾತೂ ನನಗೆ ಗೊತ್ತಿರಲಿಲ್ಲ.

"ಗೊತ್ತಿಲ್ಲ ಜವರಣ್ಣ" ಎಂದೆ. ಅವರ ಬಲಕ್ಕೆ ಹೋಗಿ ನಿಂತು, ಮತ್ತೆ ಮೊದಲಿನಿಂದ ಹಾಕಿದೆ.