ಒಸಾಕಾದಲ್ಲಿ ಮಹಾದೇವಕ್ಕನಿಗೆ ಬಂದ ನಿದ್ದೆ

ಅಮೆರಿಕದ ರಾಲಿಯ ಕನ್ನಡದವರಲ್ಲಿ ಮಹಾದೇವಕ್ಕನನ್ನು ಹಗಲು ಹೊತ್ತು ಪೂರ್ತಿ ಎಚ್ಚರದಲ್ಲಿ ಕಂಡವರು ಕಡಿಮೆ. ಆಕೆ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ನರ್ಸ್. ಸಂಜೆ ಏಳಕ್ಕೆ ಒಳಗೆ ಹೋದರೆ ಬೆಳಿಗ್ಗೆ ಏಳಕ್ಕೆ ಹೊರಗೆ. ಮನೆಗೆ ಬಂದು ಕಿಟಕಿಯ ಕರಿ ಪರದೆ ಎಳೆದು ಮಲಗಿದರೆ ಏಳುವುದು ಬಿಸಿಲು ಇಳಿದ ಮೇಲೆ. ಕನ್ನಡ ಸಂಘದ ಯುಗಾದಿ ಊಟಕ್ಕೆ ಬಂದರೆ ಸಾಲಿನಲ್ಲಿ ನಿಂತೇ ತೂಕಡಿಸುತ್ತಾಳೆ. ಜನ ನಕ್ಕರೆ ತಾನೂ ನಗುತ್ತಾಳೆ.

"ನಾ ರಾತ್ರಿ ಹುಟ್ಟಿದಾಕಿ. ನನ್ನ ಪಿಂಡಾನ ಹಂಗ ಐತಿ, ಏನ್ ಮಾಡ್ಲಿ?"

ಗದಗದ ಕಡೆಯಿಂದ ಬಂದು ಇಪ್ಪತ್ತು ವರ್ಷದ ಮೇಲಾಯಿತು, ಅಂದಿನಿಂದ ಅದೇ ಪಾಳಿ. ಕೋವಿಡ್ ಕಾಲದಲ್ಲಿ ಜೊತೆಯವರು ಹಗಲಿಗೆ ಹೋಗಬೇಕೆಂದು ಜಗಳ ಮಾಡಿದರು, ಕೆಲವರು ಕೆಲಸವನ್ನೇ ಬಿಟ್ಟರು. ಈಕೆ ಕದಲಲಿಲ್ಲ. ಕಳೆದ ಮೇ ತಿಂಗಳಲ್ಲಿ ಹಗಲು ಪಾಳಿಯ ಒಂದು ಜಾಗ ತಾನಾಗಿಯೇ ಬಾಗಿಲಿಗೆ ಬಂತು. ಮುಂದಿನ ಸೋಮವಾರದೊಳಗೆ ಹೂಂ ಅನ್ನದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಅಂದಳು ವಾರ್ಡಿನ ಮ್ಯಾನೇಜರ್.

ಗಂಡ ಸೋಮಲಿಂಗಪ್ಪ ರಸ್ತೆ ಇಂಜಿನಿಯರ್. ಆತನದು ಸೀದಾ ಮಾತು. "ತಗೋ ಮಾರಾಯ್ತಿ. ಒಂದ ಹಾಸಿಗಿ ಮ್ಯಾಲೆ ಇಬ್ರೂ ಪಾಳಿ ಹಚ್ಚಿ ಮಲಗೇವಿ. ಗಂಡ ಹೆಂಡ್ತಿ ಅಲ್ಲ, ಲಾಡ್ಜಿನ ಗಿರಾಕಿ ಆಗೇವಿ."

ನೋಡೋಣ ಎಂದು ಮಹಾದೇವಕ್ಕ ಕರಿ ಪರದೆ ಎಳೆದು ಮಲಗಿದಳು. ಹಗಲಿನಲ್ಲಿ ನಿಂತು ಕೆಲಸ ಮಾಡುವ ಶಕ್ತಿ ತನ್ನ ಮೈಯಲ್ಲಿ ಇಲ್ಲವೇ ಇಲ್ಲ ಎಂದು ಆಕೆ ನಂಬಿದ್ದಳು. ಮಧ್ಯಾಹ್ನ ಒಬ್ಬ ರೋಗಿಯ ಮುಂದೆ ಕಣ್ಣು ಮುಚ್ಚಿದರೆ? ತಪ್ಪು ಸೂಜಿ ಚುಚ್ಚಿದರೆ? ರಾತ್ರಿಯಾದರೆ ಆಕೆ ರಾಣಿ. ಹಗಲಿಗೆ ಹೋದರೆ ಏನು ಎಂಬುದು ಆಕೆಗೇ ಗೊತ್ತಿರಲಿಲ್ಲ.

ಅದೇ ವಾರ ಒಸಾಕಾದಿಂದ ಊರ್ಮಿಳಾ ಫೋನ್ ಮಾಡಿದಳು. ಮೈಸೂರಿನ ಹೆಣ್ಣು, ಹರ್ನ್‌ಡನ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಕಂಪನಿ ಆಕೆಯನ್ನು ಒಂದು ಪ್ರಾಜೆಕ್ಟಿಗೆ ಜಪಾನಿಗೆ ಕಳಿಸಿತ್ತು. "ಅಕ್ಕಾ, ವೀಕೆಂಡ್ ಬನ್ನಿ. ನೈಟ್‌ಲೈಫ್ ಅಂದ್ರೆ ಏನು ಅಂತ ತೋರಿಸ್ತೀನಿ. ವಿಜಯಶ್ರೀ ಟಿಕೆಟ್ ಬುಕ್ ಮಾಡಿಯಾಯ್ತು."

ಡುಲುತ್‌ನ ವಿಜಯಶ್ರೀ ಹಲ್ಲಿನ ಡಾಕ್ಟರು. ಅಲ್ಲಿನ ಕೊರಿಯನ್ ಕರೋಕೆ ಕೋಣೆಗಳಲ್ಲಿ ಹಾಡಿ ಹಾಡಿ ಗಂಟಲು ಪಳಗಿಸಿದವಳು. ಮೂವರೂ ಸಂಘದ ಸಮ್ಮೇಳನದ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಗೆಳತಿಯರಾದವರು.

ಮಹಾದೇವಕ್ಕನಿಗೆ ಒಳಗೊಳಗೇ ಕುತೂಹಲ ಎದ್ದಿತು. ರಾತ್ರಿಯೆಂದರೆ ಆಕೆಗೆ ಗೊತ್ತಿದ್ದದ್ದು ಜ್ವರ, ನರಳಾಟ, ಮಾನಿಟರಿನ ಕೀಂ ಕೀಂ ಸದ್ದು. ರೋಗವಿಲ್ಲದವರು ರಾತ್ರಿಯಿಡೀ ಎದ್ದು ಏನು ಮಾಡುತ್ತಾರೆ? ಅದನ್ನು ಒಮ್ಮೆ ನೋಡಬೇಕು. ವಿಮಾನ ಹತ್ತುವಾಗ ವಿಜಯಶ್ರೀಗೆ ಸವಾಲು ಹಾಕಿದಳು. "ಹನ್ನೆರಡರ ಒಳಗ ನೀವಿಬ್ರೂ ಬೀಳ್ತೀರಿ. ನಾ ನಿಮ್ಮನ್ನ ಹೆಗಲ ಮ್ಯಾಲೆ ಹಾಕ್ಕೊಂಡು ತರ್ತೀನಿ."

"ಆತು. ನನ್ನ ಎಡಗೈ ಹಿಡಿ, ಬಲಗೈ ನೋಯತೈತಿ," ಅಂದಳು ವಿಜಯಶ್ರೀ.

ಶುಕ್ರವಾರ ಸಂಜೆ ಹೋಟೆಲಿನಲ್ಲಿ ಚೀಲ ಇಳಿಸಿ ಮೂವರೂ ಹೊರಟರು. ಕಾಲುವೆಯ ಎರಡೂ ದಡಕ್ಕೆ ದೀಪಗಳು ಮೈಮೇಲೆ ಬೀಳುವ ಹಾಗೆ ಹತ್ತಿದ್ದವು. ಎತ್ತಿನಗಾಡಿ ಗಾತ್ರದ ಯಂತ್ರದ ಏಡಿಯೊಂದು ಅಂಗಡಿಯ ಹಣೆಯ ಮೇಲೆ ಕಾಲು ಆಡಿಸುತ್ತಿತ್ತು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕಾದ ಓಣಿಯೊಳಗೆ ಊರ್ಮಿಳಾ ಅವರನ್ನು ನುಗ್ಗಿಸಿದಳು. ಮೆಟ್ಟಿಲು ಹತ್ತಿದರೆ ಎಂಟು ಸ್ಟೂಲುಗಳ ಬಾರು. ಬಾರಿನ ಒಡತಿ ಮುದುಕಿ, ತುಟಿಗೆ ಕೆಂಪು ಹಚ್ಚಿ, ಸೆಟೆದು ನಿಂತವಳು. ಗೋಡೆ ತುಂಬ ಬಾಟಲಿ, ಒಂದೊಂದರ ಕೊರಳಲ್ಲೂ ಗಿರಾಕಿಯ ಹೆಸರಿನ ಚೀಟಿ.

"ಕುಡ್ದು ಉಳಿದಿದ್ದನ್ನ ಹೆಸರು ಹಾಕಿ ಇಟ್ಕೋತಾರೆ ಅಕ್ಕಾ. ನೆಕ್ಸ್ಟ್ ಟೈಮ್ ಬಂದಾಗ ಕಂಟಿನ್ಯೂ ಮಾಡ್ಬಹುದು."

"ಫ್ರಿಜ್ಜಿನ್ಯಾಗ ಇನ್ಸುಲಿನ್ ಇಟ್ಟಂಗ," ಅಂದಳು ಮಹಾದೇವಕ್ಕ.

ಪಕ್ಕದ ಸ್ಟೂಲಿನಲ್ಲಿದ್ದ ಮುದುಕ ಗಿರಾಕಿ ಅತಿಥಿಗಳೆಂದು ತಲೆಬಾಗಿ ಗ್ಲಾಸು ತುಂಬಿಸಿದ. ಮಹಾದೇವಕ್ಕ ಕುಡಿಯುವವಳಲ್ಲ, ಹಾಗಾಗಿ ಆಕೆಗೆ ತಣ್ಣನೆಯ ಚಹಾ. ಎಂಜಲು ಬಿಡಬಾರದೆಂದು ಗಟಗಟ ಮುಗಿಸಿದಳು. ಆತ ಮತ್ತೆ ತುಂಬಿಸಿದ. ಮತ್ತೆ ಮುಗಿಸಿದಳು. ಹೊಟ್ಟೆ ಹಿಡಿಯದಂತಾದಾಗ ಕಣ್ಣು ಬಿಡುತ್ತ ಕೇಳಿದಳು, "ಈ ಅಜ್ಜ ನನ್ನ ಕೊಲ್ಲಾಕ ಕುಂತಾನೇನ?"

"ಖಾಲಿ ಗ್ಲಾಸ್ ಇಟ್ರೆ ಇನ್ನೂ ಬೇಕು ಅಂತ ಅರ್ಥ ಅಕ್ಕಾ. ಸಾಕಾದ್ರೆ ತುಂಬಿದ ಗ್ಲಾಸ್ ಹಾಗೇ ಬಿಡ್ಬೇಕು."

"ಇದನ್ನ ಮೊದಲ ಹೇಳಬಾರದೇನ ಹುಡುಗಿ?"

ಆಗ ವಿಜಯಶ್ರೀ ಮೈಕು ಹಿಡಿದಳು. ಎರಡನೇ ಹಾಡು ಮುಗಿದು ಚಪ್ಪಾಳೆ ಬಿದ್ದಾಗ ಮಹಾದೇವಕ್ಕನ ತಲೆ ಕೌಂಟರಿನ ಮೇಲೆ ಇತ್ತು. ಗಡಿಯಾರ ಇನ್ನೂ ಒಂಬತ್ತು ದಾಟಿತ್ತಷ್ಟೇ. ಒಡತಿ ತನ್ನ ಶಾಲು ಹೊದಿಸಿದಳು. ಊರ್ಮಿಳಾ ಫೋಟೊ ತೆಗೆದು ಸಂಘದ ಫೋನ್ ಗುಂಪಿಗೆ ಹಾಕಿದಳು. ಸೋಮಲಿಂಗಪ್ಪನ ಉತ್ತರ ಆ ಕ್ಷಣವೇ ಬಂತು: "ಹಾಸಿಗಿ ಇಲ್ಲೇ ಖಾಲಿ ಇತ್ತಲ್ಲ, ಅಷ್ಟು ದೂರ ಯಾಕ?"

ಟ್ಯಾಕ್ಸಿಯಲ್ಲಿ ತಂದು ಮಲಗಿಸಿದ್ದೂ ಆಕೆಗೆ ನೆನಪಿಲ್ಲ. ಬೆಳಕು ಹರಿಯುವ ಮುಂಚೆ ಎಚ್ಚರವಾದಾಗ ಹಾಸಿಗೆಯಲ್ಲಿ ಆಕೆ ಒಬ್ಬಳೇ. ಗೆಳತಿಯರಿಬ್ಬರೂ ಇನ್ನೂ ಹೊರಗೆ. ಮೊದಲು ನಾಚಿಕೆಯಾಯಿತು, ಆಮೇಲೆ ಹೆದರಿಕೆ. ನಾಡಿ ಹಿಡಿದು ನೋಡಿಕೊಂಡಳು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿಕೊಂಡಳು. ಎಲ್ಲ ಸರಿ ಇತ್ತು. ಸರಿ ಮಾತ್ರವಲ್ಲ, ಮೈ ಹಗುರವಾಗಿತ್ತು.

ಶನಿವಾರ ಇಡೀ ದಿನ ಒಬ್ಬಳೇ ತಿರುಗಿದಳು. ಬೆಳಗಿನ ಜಾವ ಬಂದ ಗೆಳತಿಯರು ಮಧ್ಯಾಹ್ನದವರೆಗೂ ಗೊರಕೆ ಹೊಡೆಯುತ್ತಿದ್ದರು. ರಾತ್ರಿ ಮಿನುಗಿದ ಓಣಿಗೆ ಮತ್ತೆ ಹೋದಳು. ಹಗಲಲ್ಲಿ ಅದು ಬೇರೆಯೇ. ದೀಪದ ಹಿಂದಿನ ತುಕ್ಕು ಹಿಡಿದ ತಂತಿ ಕಾಣುತ್ತಿತ್ತು. ರಬ್ಬರ್ ಬೂಟು ಹಾಕಿದ ಗಂಡಸು ವಾಂತಿಗೆ ನೀರು ಹೊಡೆಯುತ್ತಿದ್ದ. ಖಾಲಿ ಬಾಟಲಿಯ ಡಬ್ಬಗಳು, ಬೆಕ್ಕು, ಮೀನಿನ ಗಾಡಿ. ಎಲ್ಲವನ್ನೂ ನಿಂತು ನೋಡಿದಳು, ಯಾರೂ ಬೇಡವೆನ್ನಲಿಲ್ಲ. ಮಟಮಟ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲೆ, ಆಕಳಿಕೆ ಒಂದೂ ಇಲ್ಲ.

ಸಂಜೆ ಎರಡು ಕರಿ ಕಾಫಿ ಕುಡಿದು, ಇವತ್ತು ನಿದ್ದೆಯನ್ನು ಹತ್ತಿರ ಸುಳಿಯಗೊಡುವುದಿಲ್ಲ ಎಂದು ಗೆಳತಿಯರ ಜೊತೆ ಹೊರಟಳು. ಅದೇ ಬಾರಿನ ಸ್ಟೂಲಿನಲ್ಲಿ ಕೂತು, ಉಪ್ಪು ಹಾಕಿ ಬೇಯಿಸಿದ ಹಸಿ ಸೋಯಾ ಕಾಯಿಯನ್ನು ಅವರೆಯಂತೆ ಸುಲಿದು ಬಾಯಿಗೆ ಹಾಕುತ್ತಿದ್ದಳು. ರೆಪ್ಪೆ ಭಾರವಾಗುವ ಹೊತ್ತಿಗೆ ಸರಿಯಾಗಿ ಫೋನ್ ನಡುಗಿತು. ರಾಲಿಯ ವಾರ್ಡಿನ ಜೊತೆಗಾತಿ ಡೆನೀಸ್ ಬರೆದಿದ್ದಳು: ಪಾಳಿ ಮುಗಿಯಿತು, ಮನೆಗೆ ಬಂದೆ, ಮಲಗುತ್ತೇನೆ.

ಮಹಾದೇವಕ್ಕ ಸಂದೇಶವನ್ನು ನೋಡಿದಳು, ಗಡಿಯಾರವನ್ನು ನೋಡಿದಳು, ಕಾಯಿ ಕೆಳಗಿಟ್ಟಳು.

"ವಿಜೀ, ರಾಲಿಯಾಗ ಈಗ ಬೆಳಗಾಗೇತಿ. ನಾ ನನ್ನ ಟೈಮಿಗೇ ಮಲಗಾಕತ್ತೀನಿ. ನಿನ್ನೀನೂ ಹಂಗ. ಇಲ್ಲಿ ಸೂರ್ಯ ಅಷ್ಟ ತಿರುಗ್ಯಾನ."

"ಅಂದ್ರ?"

"ಅಂದ್ರ ನನ್ನ ಪಿಂಡದಾಗ ಏನೂ ಇಲ್ಲ. ನನ್ನ ಡ್ಯೂಟಿ ಚಾರ್ಟು ಮೈಯಾಗ ಇಳದೈತಿ, ಅಷ್ಟ."

ಇಪ್ಪತ್ತು ವರ್ಷ ಒಂದೇ ಹೊತ್ತಿಗೆ ದುಡಿಸಿಕೊಂಡರೆ ಆ ಹೊತ್ತನ್ನೇ ಮನುಷ್ಯ ತನ್ನ ಸ್ವಭಾವ ಅಂದುಕೊಳ್ಳುತ್ತಾನೆ. ಗಿರಣಿಯಲ್ಲೂ ಗಣಿಯಲ್ಲೂ ಹೀಗೇ. ದುಡಿಸಿಕೊಳ್ಳುವವರಿಗೆ ಇದಕ್ಕಿಂತ ಅನುಕೂಲದ ನಂಬಿಕೆ ಬೇರೆ ಯಾವುದಿದೆ?

"ಇನ್ನೊಂದು ಕಾಫಿ ಆರ್ಡರ್ ಮಾಡ್ಲಾ ಅಕ್ಕಾ? ಎದ್ದಿರಿ, ನಾಳೆ ರಾತ್ರಿ ಫ್ಲೈಟು," ಅಂದಳು ಊರ್ಮಿಳಾ.

"ಬ್ಯಾಡ. ನೀವು ಎದ್ದಿರ್ರಿ."

ಬಾರಿನ ಅಜ್ಜ ಸುರಿದ ಚಹಾವನ್ನು ತುಂಬಿದಂತೆಯೇ ಬಿಟ್ಟು ಆಕೆ ಒಬ್ಬಳೇ ಇಳಿದಳು. ಮಜಾ ಮಾಡಲು ಎದುರಿಗೆ ಬರುತ್ತಿದ್ದ ಜನರ ನಡುವೆ ದಾರಿ ಮಾಡಿಕೊಂಡು ಹೋಟೆಲ್ ಸೇರಿದಳು. ಹಾಸಿಗೆಯಲ್ಲಿ ಕೂತು ಮ್ಯಾನೇಜರಿಗೆ ಬರೆದಳು: ಹಗಲು ಪಾಳಿಗೆ ಬರುತ್ತೇನೆ, ಆದರೆ ಮೈ ತಿರುಗಿಸಿಕೊಳ್ಳಲು ಎರಡು ವಾರ ರಜೆ ಬೇಕು. ತನ್ನ ಮೈಗೆಂದು ಬಿಡುವು ಕೇಳಿದ್ದು ಅದೇ ಮೊದಲು. ಉತ್ತರಕ್ಕೆ ಕಾಯದೆ ದೀಪ ಆರಿಸಿದಳು.

ಭಾನುವಾರ ಬೆಳಿಗ್ಗೆ ಗೆಳತಿಯರಿಬ್ಬರೂ ಕಣ್ಣು ಕೆಂಪಾಗಿಸಿಕೊಂಡು ಬಂದಾಗ ಮಹಾದೇವಕ್ಕ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕುರ್ಚಿಯಲ್ಲಿ ಕೂತಿದ್ದಳು. ಮ್ಯಾನೇಜರಿಂದ ಬಂದ ಒಂದಕ್ಷರದ ಒಪ್ಪಿಗೆಯನ್ನು ತೋರಿಸಿದಳು.

"ಎಲ್ಲಾ ಖರೆ," ಅಂದಳು ವಿಜಯಶ್ರೀ, ಚಪ್ಪಲಿ ಬಿಡುತ್ತ. "ಒಸಾಕಾದ ರಾತ್ರಿ ಮಾತ್ರ ನೋಡ್ಲೇ ಇಲ್ಲಲಾ ನೀನು."

ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ರಾತ್ರಿಯವರು ನಿಂತು ವರದಿ ಕೊಡಬೇಕು, ಹಗಲಿನವರು ಕೂತು ಕೇಳಿಸಿಕೊಳ್ಳಬೇಕು. ಇಷ್ಟು ವರ್ಷ ನಿಂತು ಹೇಳಿದವಳು ಮಹಾದೇವಕ್ಕ. ಕಾಲ ಮೇಲೆ ಕಾಲು ಹಾಕಿದಳು.

"ಅದಕ್ಕ ಕುಂತೀನಿ. ಹೇಳ್ರಿ. ರಾತ್ರಿ ಯಾರ್ಯಾರು ಬಿದ್ರು, ಯಾರ್ಯಾರು ಎದ್ರು? ಆ ಅಜ್ಜ ಮನೀ ಮುಟ್ಟಿದನಾ ಇಲ್ಲಾ?"