ಶಂಕ್ರಪ್ಪ ಮಾಮಾನ ಮೋಟಾರಿನ ಗಾದಿ

ನಮ್ಮ ಸೋದರಮಾವ ಶಂಕ್ರಪ್ಪ ಮಾಮಾ ಗಜೇಂದ್ರಗಡದಿಂದ ನರಗುಂದದವರೆಗೆ ಬಸ್ಸಿನ ಹಿಂದೆ ಹಿಂದೆಯೇ ಮೋಟಾರು ಹೊಡೆಯುತ್ತಿದ್ದ. ಬಸ್ಸು ಎಬ್ಬಿಸಿದ ಧೂಳೆಲ್ಲ ಅವನ ಮೀಸೆಯೊಳಗೆ. ಅದನ್ನು ದಾಟಿ ಮುಂದೆ ಹೋಗುವ ದಮ್ಮು ಆ ಹಳೇ ಮೋಟಾರಿಗೆ ಇತ್ತೋ ಇಲ್ಲವೋ ನಾ ಕಾಣೆ. ಮಾಮಾನಿಗೆ ದಾಟುವುದು ಬೇಕಾಗಿರಲೇ ಇಲ್ಲ, ಬಸ್ಸಿನಲ್ಲಿ ಅವನ ಹೆಂಡತಿ ಕೂತಿರುತ್ತಿದ್ದಳು.

ಹೆಂಡತಿ ಅಂದರೆ ನಮ್ಮ ಗೌರತ್ತಿ. ಅವಳ ತವರು ನರಗುಂದ. ಬಸ್ಸು ನಿಂತಲ್ಲೆಲ್ಲ ಮಾಮಾ ಇಳಿದು ಅವಳ ಕಿಟಕಿಯ ಕೆಳಗೆ ನಿಂತು, ಮುಖ ಒರೆಸಿಕೊಳ್ಳುತ್ತ, “ಈಗರೆ ಬರ್ತಿಯೇನ?” ಅಂತ ಕೇಳುವನು. ಅತ್ತಿ ಅತ್ತಕಡೆ ನೋಡುತ್ತ, “ಗಾದಿ ಸುದ್ದ ಆತೇನ್ರಿ?” ಅನ್ನುವಳು. ರೋಣದಲ್ಲೂ ಅದೇ ಸವಾಲು, ಅದೇ ಜವಾಬು. ಕಂಡಕ್ಟರನಿಗೆ ಈ ಸಂಸಾರ ರೂಢಿಯಾಗಿ ಹೋಗಿತ್ತು. ಇವರ ಮಾತು ಮುಗಿಯುವ ತನಕ ಅವನು ಸೀಟಿ ಊದುತ್ತಿರಲಿಲ್ಲ.

ಮಾಮಾ ಸೀರೆ ನೇಯುವವನು. ರೋಣದ ಹತ್ತಿ ವ್ಯಾಪಾರಿಯೊಬ್ಬರು ಬೇಡವೆಂದು ಮೂಲೆಗಿಟ್ಟಿದ್ದ ಆ ಮೋಟಾರನ್ನು ಕನಿಕರಪಟ್ಟು ಮನೆಗೆ ಕರೆದುಕೊಂಡು ಬಂದಿದ್ದ. ಬಂದ ದಿನವೇ ಗೌರತ್ತಿ ಲಗ್ನದ ಸೀರೆ ಉಟ್ಟು ಮುಂದಿನ ಗಾದಿಯ ಮೇಲೆ ಕೂತಳು. ಹರಕು ಚರ್ಮದೊಳಗಿಂದ ತೆಂಗಿನ ನಾರು ಚುಚ್ಚಿತು, ಸ್ಪ್ರಿಂಗು ಎದ್ದು ಸೀರೆಯನ್ನು ಪರ್ರನೆ ಹರಿಯಿತು. ಅದು ಮಾಮಾ ತಾನೇ ನೇಯ್ದುಕೊಟ್ಟ ಸೀರೆ. “ನನ್ನ ಮೈ ಹರಿದಿದ್ರ ದವಾಖಾನ್ಯಾಗ ಹೊಲಸ್ತಿದ್ನಿ. ನೀವು ನೇದ ಸೀರಿ ಹರೀತಲ್ರಿ” ಅಂದವಳು ಮತ್ತೆ ಅದರೊಳಗೆ ಕಾಲಿಡಲಿಲ್ಲ.

ಮಾಮಾನಿಗೆ ಇದ್ದದ್ದು ಒಂದೇ ಆಸೆ, ಹೆಂಡತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ನರಗುಂದಕ್ಕೆ ಹೋಗಬೇಕು. “ಮೋಟಾರ ಅಂದ್ರ ಮಗ್ಗ ಅಲ್ಲವಾ, ಒಬ್ಬನ ಕುಂತು ಹೊಡೀಯಾಕ” ಅಂತ ನನ್ನ ಮುಂದೆ ಎಷ್ಟು ಸಲ ಅಂದನೋ.

ಹಾಗಾದರೆ ಗಾದಿ ಬದಲಿಸಬೇಕಲ್ಲ? ಬದಲಿಸಬೇಕೋ ಬೇಡವೋ, ಬದಲಿಸಿದರೆ ಯಾವ ಬಟ್ಟೆ? ಸೀರೆಯ ದಡಿಗೆ ಬಣ್ಣ ಆರಿಸುವಾಗ ಕಣ್ಣು ಮಿಟುಕಿಸದ ಮನುಷ್ಯ ಇಲ್ಲಿ ಊರಿಗೆ ಊರನ್ನೇ ಕೇಳತೊಡಗಿದ. ಸುಮ್ಮನೆ ಕೇಳಿದರೆ ಬೇರೆ ಮಾತು, ಬಸ್‌ಸ್ಟ್ಯಾಂಡಿನಲ್ಲಿ ಕಂಡವರನ್ನೆಲ್ಲ ಹಿಡಿದು ತಂದು ಆ ನಾರಿನ ಮೇಲೆ ಕೂಡಿಸಿಯೇ ಕೇಳುತ್ತಿದ್ದ. ಡಾಕ್ಟರರು ರೆಕ್ಸಿನ್ ಹಾಕಿಸು ಅಂದರು. ಸಂಜೆತನಕ ಮಾಮಾನಿಗೂ ಅದೇ ಖರೆ ಅನಿಸಿತು. ಸಂಜೆಗೆ, “ಬ್ಯಾಸಿಗ್ಯಾಗ ಅದು ಹಂಚ ಆಗತೈತಿ. ಗೌರಿ ಏನ್ ರೊಟ್ಟಿ ಏನ?” ಅಂದ. ಕಿರಾಣಿ ಅಂಗಡಿಯವ ಮಕಮಲ್ಲು ಹೇಳಿದ. ಅದೂ ಒಂದು ದಿನ ಚಲೋ ಕಂಡಿತು. ಮರುದಿನ, “ನಾಟಕದ ರಾಜನ ಖುರ್ಚಿ ಆಗತೈತಿ, ಆಮ್ಯಾಲ ನಾ ಈ ಮೀಸಿ ಮ್ಯಾಲ ರಾಜನ ಮೀಸಿ ಅಂಟಿಸ್ಕೋಬೇಕು” ಅಂದ. ನಾನು ಲಗ್ನವಾಗಿ ಹೋಗಿದ್ದ ಪುರ್ತಗೇರಿಯ ಮುದುಕರೊಬ್ಬರು ಮಾತ್ರ ಕೂತ ಹಾಗೇ ಚಂಗನೆ ಎದ್ದು, “ಹಿಂಗ ಇರಲಿ ಬಿಡಪಾ, ಹೊಡ್ಯಾವಗ ನಿದ್ದಿ ಬರೂದಿಲ್ಲ” ಅಂದರು.

ಕಡೆಗೊಮ್ಮೆ ಮಾಮಾನಿಗೆ ಬುದ್ಧಿ ಹೊಳೆಯಿತು. ತಾನೇ ನೇಕಾರನಿದ್ದು ಪರರ ಬಟ್ಟೆ ಯಾಕೆ? ಗೌರತ್ತಿಗೆ ಯಾರದೋ ಸೀರೆ ಅಂತ ಸುಳ್ಳು ಹೇಳಿ, ಬಾಗಿಲು ಮುಂದೆ ಮಾಡಿಕೊಂಡು ನೇಯ್ದು, ಎರಡೂ ಗಾದಿಗಳ ಹಳೇ ನಾರಿನ ಮೇಲೇ ಹೊಲಿದ. ಪಂಚಮಿ ಹಬ್ಬಕ್ಕೆ ಹೊರಡುವ ಹಿಂದಿನ ದಿನ ನನ್ನನ್ನು ಕರೆದು ತೋರಿಸಿದ. ಕಪ್ಪು ನೀಲಿ ಮೈಯಲ್ಲಿ ಬಿಳೀ ಚಿಕ್ಕಿ, ಅತ್ತಿ ಕೂಡುವ ಕಡೆ ಬಿಳೀ ತೆನೆಯ ಕೆಂಪು ರೇಷ್ಮೆ ಸೆರಗು. ಎಂಥ ಚಂದವಿತ್ತು ಅಂತೀರಿ.

“ಗಾದಿಗೆ ಸೆರಗ್ಯಾಕ ಮಾಮಾ?”

“ಸೆರಗಿಲ್ಲದ ಬಟ್ಟಿ ಮಗ್ಗದಿಂದ ಹ್ಯಾಂಗ ಇಳಸ್ಲವಾ? ಬೋಳ ಕಾಣತೈತಿ.”

ಪಂಚಮಿಗೆ ತವರಿಗೆ ಹೊರಟ ಅತ್ತಿ ಉಂಡಿಯ ಡಬ್ಬಿ ಹಿಡಿದು ಹೊರಗೆ ಬಂದಳು. ಮಾಮಾ ಮೋಟಾರಿನ ಬಾಗಿಲು ತೆರೆದು ನಿಂತ. ಅತ್ತಿಯ ಮುಖ ಅರಳಿತು. ಬಗ್ಗಿ ಸೆರಗು ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ಭಾಳ ಚಲೋ ಆಗೇತ್ರಿ.”

“ಮತ್ತ ಕುಂಡ್ರು.”

“ಎಲ್ಲೆ? ಸೆರಗಿನ ಮ್ಯಾಲ? ಉಡಿ ತುಂಬಸ್ಕೊಳ್ಳೋ ಸೆರಗ್ರಿ ಅದು.”

ಅಷ್ಟರಲ್ಲಿ ಬಸ್ಸು ಹೋಗಿಬಿಟ್ಟಿತ್ತು. ಅತ್ತಿ ಒಂದು ಗಳಿಗೆ ವಿಚಾರ ಮಾಡಿ, ಮೋಟಾರು ಹತ್ತಿ, ಗಾದಿಯ ಕೆಳಗೆ ಕಾಲಿಡುವ ಜಾಗದಲ್ಲಿ ಮುದುಡಿ ಕೂತಳು. ನಾನೂ ನರಗುಂದಕ್ಕೆ ಹೊರಟವಳೇ. ಅತ್ತಿ ಕೆಳಗಿರುವಾಗ ನಾನು ಮೇಲೆ ಕೂಡುವುದು ಹ್ಯಾಂಗೆ? ಹಿಂದಿನ ಗಾದಿ ಬಿಟ್ಟು ನಾನೂ ಕೆಳಗೇ ಕೂತೆ.

ರಾಜೂರಿನಲ್ಲಿ ಇಂಜಿನ್ನಿಗೆ ನೀರು ಹಾಕಲು ನಿಂತೆವು. ಬಾವಿಕಟ್ಟೆಯ ಹೆಣ್ಣುಮಕ್ಕಳು ಇಣುಕಿ ನೋಡಿದರು. ಮೇಲೆ ಯಾರೂ ಇಲ್ಲದ ಗಾದಿ, ಅದರ ಮೇಲೆ ಹೊಸಾ ಕೆಂಪು ಸೆರಗು, ಕೆಳಗೆ ತಲೆ ತಗ್ಗಿಸಿ ಕೂತ ಇಬ್ಬರು ಹೆಂಗಸರು. ಒಬ್ಬಾಕೆ ಕೈ ಮುಗಿದೇಬಿಟ್ಟಳು. ಇನ್ನೊಬ್ಬಾಕೆ ಮನೆಗೆ ಓಡಿ ತೆಂಗಿನಕಾಯಿ ತಂದು ಬಂಪರಿಗೆ ಒಡೆದು, ಸೆರಗಿಗೆ ಕುಂಕುಮ ಹಚ್ಚಿ, “ಯಾವ ದೇವೀರಿ ಯಪ್ಪಾ?” ಅಂತ ಕೇಳಿದಳು.

ಮಾಮಾ ನೀರಿನ ಡಬ್ಬಿ ಕೆಳಗಿಟ್ಟು ಅಂದ, “ದೇವಿ ಕೆಳಗ ಕುಂತಾಳವಾ.”

ಅತ್ತಿಗೆ ನಗು ತಡೆಯಲಿಲ್ಲ. ನನಗಂತೂ ಹೊಟ್ಟೆ ಹಿಡಿದುಕೊಳ್ಳುವ ಹಾಗಾಯಿತು. ಊರು ದಾಟಿದರೂ ನಗುತ್ತಲೇ ಇದ್ದ ಅತ್ತಿ ಒಮ್ಮೆಲೆ, “ನಿಲ್ಲಸ್ರಿ” ಅಂದಳು. ಹಲ್ಲಿನಿಂದ ಹೊಲಿಗೆಯ ದಾರ ಕಡಿದು, ಸೆರಗನ್ನು ಗಾದಿಯಿಂದ ಬಿಡಿಸಿ, ಝಾಡಿಸಿ, ತಲೆಯ ಮೇಲೆ ಹೊದ್ದುಕೊಂಡಳು. ಆಮೇಲೆ ಎದ್ದು ಆ ಹಳೇ ನಾರಿನ ಮೇಲೇ ಕೂತಳು, ಮಾಮಾನ ಪಕ್ಕದಲ್ಲಿ.

“ಚುಚ್ಚಂಗಿಲ್ಲೇನ?”

“ಚುಚ್ಚತೈತಿ. ನೀವು ಹೊಡೀರಿ.”

ಮುಂದೆ ಬಸ್ಸಿಲ್ಲ, ಧೂಳಿಲ್ಲ. ನರಗುಂದ ಮುಟ್ಟುವ ತನಕ ಮಾಮಾ ಎದುರು ಬಂದ ಎತ್ತು, ಎಮ್ಮೆ, ಆಡು ಎಲ್ಲದಕ್ಕೂ ಹಾರ್ನು ಬಾರಿಸಿ ಸುದ್ದಿ ಮುಟ್ಟಿಸಿದ. ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ.

ಕೆಲವು ವರ್ಷಗಳ ಮೇಲೆ ನಾನು ಹೋದಾಗ ಮೋಟಾರು ಅಂಗಳದಲ್ಲಿ ಕೆಟ್ಟು ನಿಂತಿತ್ತು, ಹಿಂದಿನ ಗಾದಿಯ ಚಿಕ್ಕಿಯ ಮೇಲೆ ಕೋಳಿ ತತ್ತಿ ಇಟ್ಟಿತ್ತು. ಮಾಮಾ ಜಡ್ಡಾಗಿ ಮಲಗಿದ್ದ. ನನ್ನನ್ನು ಹತ್ತಿರ ಕರೆದು, “ಒಂದ್ ಮಾತ ಹೇಳವಾ, ಮುಂದಿನ ಗಾದಿಗೆ ರೆಕ್ಸಿನ್ ಹಾಕಸೂಣೇನ?” ಅಂದ.

ರೊಟ್ಟಿ ಬಡಿಯುತ್ತಿದ್ದ ಅತ್ತಿ ಒಳಗಿಂದಲೇ ಅಂದಳು, “ಯಾರ ಸಲುವಾಗ್ರಿ? ನಾ ಆಗ್ಲೇ ಕುಂತೇನಲ್ಲ.”

ಮಾಮಾ ನಗು ಮುಚ್ಚಿಕೊಳ್ಳಲು ಕೌದಿಯನ್ನು ಮುಖದ ಮೇಲೆ ಎಳೆದುಕೊಂಡ. ಅದೇ ಕಡೆಯ ಭೇಟಿ.

ಮತ್ತೆ ನಾನು ಹೋದಾಗ ಮಾಮಾ ಇರಲಿಲ್ಲ. ಅತ್ತಿ ಅಂಗಳದ ಮೋಟಾರಿನಲ್ಲಿ, ತನ್ನ ಜಾಗದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರ ಇಡಲಿಕ್ಕೆ ಪಕ್ಕದಲ್ಲಿ ಮಾಮಾ ಕೂಡುವ ಜಾಗ ಖಾಲಿ ಇದ್ದರೂ ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

“ನಾರು ಚುಚ್ಚಂಗಿಲ್ಲೇನ ಅತ್ತಿ?” ಅಂದೆ.

“ಚುಚ್ಚಲಿ ಬಿಡು” ಅಂದಳು.