ದಿಂಬಿನ ನಡುವಿನ ತಗ್ಗು

ನಮ್ಮ ಮನೆಯಲ್ಲಿ ಬೂರುಗದ ಹತ್ತಿಯ ಒಂದು ದಿಂಬಿದೆ. ತಲೆಯಿಟ್ಟು ತಲೆಯಿಟ್ಟು ತಗ್ಗಾದ ದಿಂಬುಗಳನ್ನು ನೀವೂ ಕಂಡಿರುತ್ತೀರಿ, ಇದು ಹಾಗಲ್ಲ. ಇದರ ತಗ್ಗು ನಟ್ಟನಡುವೆ, ಅಂಗೈಯಷ್ಟು ಅಗಲಕ್ಕೆ ಮಾತ್ರ ಇದೆ, ಎಷ್ಟು ಬಿಸಿಲಿಗೆ ಹಾಕಿ ಬಡಿದರೂ ಉಬ್ಬಿ ಬರುವುದಿಲ್ಲ. ಇದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಕೋಪ ಆರಿದ ಮೇಲೆ ಬರೆಯೋಣವೆಂದು ನಾಲ್ಕು ವರ್ಷ ಕಾದೆ. ಅದು ಆರುವ ಜಾತಿಯದಲ್ಲವೆಂದು ಗೊತ್ತಾದ ಮೇಲೆ ಉರಿಯುತ್ತಲೇ ಬರೆಯಲು ಕೂತಿದ್ದೇನೆ, ಸಹಿಸಿಕೊಳ್ಳಿ.

ನಾನು ಹುಣಸೂರಿನ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿಗೆ ಮೈಸೂರಿನಿಂದ ಹೊಸದಾಗಿ ಬಂದ ಡಾಕ್ಟರು ಒಂದು ದಿನ ವೈದ್ಯಕೀಯ ಪತ್ರಿಕೆಯೊಂದನ್ನು ಹಿಡಿದು ನಾವು ಮೂವರು ನರ್ಸುಗಳನ್ನು ಕೂರಿಸಿಕೊಂಡು ಪಾಠ ಹೇಳಿದರು. ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ಅಮೆರಿಕದಲ್ಲಿ ಕಂಡುಕೊಂಡ ವಿದ್ಯೆಯಂತೆ. ನಿಂತುಹೋದ ಹೃದಯಕ್ಕಾಗಿ ಎದೆಯನ್ನು ಕೊಯ್ಯಬೇಕಾಗಿಲ್ಲ. ಮಲಗಿಸಿ, ಎದೆಗೂಡಿನ ನಡುವೆ ಎರಡು ಅಂಗೈ ಒಂದರ ಮೇಲೊಂದಿಟ್ಟು ಬಲವಾಗಿ ಅದುಮುತ್ತಿದ್ದರೆ, ನಡುನಡುವೆ ಬಾಯಿಗೆ ಬಾಯಿಟ್ಟು ಉಸಿರೂದಿದರೆ, ರಕ್ತ ಮತ್ತೆ ಹರಿಯುತ್ತದೆ. ಔಷಧ ಬೇಡ, ಯಂತ್ರ ಬೇಡ, ಬೇಕಾದದ್ದು ಎರಡು ಕೈ. ಆದರೆ ನಾಲ್ಕೈದು ನಿಮಿಷ ಸುಮ್ಮನಿದ್ದರೆ ಮಿದುಳು ಕೈಬಿಡುತ್ತದೆ. ಕೇಳಿ ನನಗೆ ಮೈ ಜುಮ್ಮೆಂದಿತು.

ಮನೆಗೆ ಬಂದು ಈ ದಿಂಬನ್ನು ನೆಲದ ಮೇಲಿಟ್ಟು ದಿನವೂ ಅಭ್ಯಾಸ ಮಾಡತೊಡಗಿದೆ. ಕೋಣೆಯ ಅಗುಳಿ ಹಾಕಿಕೊಂಡು! ಅಕ್ಕಪಕ್ಕದವರು ಕಂಡರೆ ನಕ್ಕಾರು ಎಂಬ ನಾಚಿಕೆ ನನಗೆ. ಒಂದು ದಿನ ಅಗುಳಿ ಮರೆತಿದ್ದೆ, ನಮ್ಮತ್ತೆ ಬಾಗಿಲು ತಳ್ಳಿ ನಿಂತು, "ದಿಂಬಿನ ಮ್ಯಾಲೆ ಯಾಕವ್ವ ಅಷ್ಟು ಸಿಟ್ಟು?" ಎಂದರು. "ಹತ್ತಿ ಗಂಟುಕಟ್ಟೈತೆ ಅತ್ತೆ, ಸಮ ಮಾಡ್ತಿದ್ದೀನಿ" ಎಂದು ಸುಳ್ಳು ಹೇಳಿಬಿಟ್ಟೆ. ಆ ಸುಳ್ಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇನ್ನು ನಮ್ಮ ಮಾವನ ವಿಷಯ. ನಮ್ಮ ಮನೆಯಲ್ಲಿ ಸೊಸೆ ಮಾವನೆದುರು ನಿಲ್ಲುವುದಿಲ್ಲ, ಮಾವ ಸೊಸೆಯೊಡನೆ ನೇರವಾಗಿ ಮಾತಾಡುವುದಿಲ್ಲ. ಹಾಗಾಗಿ ಅವರು ನನಗೆ ಹೇಳಬೇಕಾದುದನ್ನೆಲ್ಲ ಎತ್ತಿಗೆ ಹೇಳುತ್ತಿದ್ದರು. ಬೆಳಿಗ್ಗೆ ನಾನು ಒಳಗೆ ಬುತ್ತಿ ಕಟ್ಟುತ್ತಿದ್ದರೆ ಕೊಟ್ಟಿಗೆಯಿಂದ ಕೇಳಿಸುತ್ತಿತ್ತು: "ಒತ್ತಾಯ್ತು ಕಣ್ಲಾ ಬಸವ, ಗುರುಪುರದ್ ಬಸ್ಸು ಬಂದ್ಬುಡ್ತದೆ." ಮದುವೆಯಾದ ಮೇಲೂ ನಾನು ಕೆಲಸಕ್ಕೆ ಹೋಗುವುದು ದೊಡ್ಡಮಾವನಿಗೆ, ಅಂದರೆ ಅವರ ಅಣ್ಣನಿಗೆ, ಹಿಡಿಸದೆ ಹೋದಾಗಲೂ ಮಾವ ಎತ್ತಿಗೇ ಹೇಳಿದ್ದು: "ಕಲ್ತಿರೋ ಕೈ ಕಣ್ಲಾ, ಕಟ್ಟಾಕಬಾರ್ದು." ಮುಖ ಕೊಟ್ಟು ಮಾತಾಡಿದ ತಂದೆಗಿಂತ, ಮುಖ ತಿರುಗಿಸಿ ಮಾತಾಡಿದ ಈ ಮನುಷ್ಯ ನನ್ನನ್ನು ಹೆಚ್ಚು ಬಲ್ಲವರಾಗಿದ್ದರು.

ಹೊಗೆಸೊಪ್ಪಿನ ಕಾಲ. ಸೊಪ್ಪನ್ನು ಬೇಯಿಸುವ, ಎಂದರೆ ಬೆಂಕಿಯ ಶಾಖದಲ್ಲಿ ಒಣಗಿಸುವ, ಬ್ಯಾರನ್ ಮನೆಯ ಮುಂದೆ ಕಡ್ಡಿಗೆ ಸೊಪ್ಪು ಕಟ್ಟುತ್ತ ಕೂತಿದ್ದ ಮಾವ, ಬೆಳಗಿನ ಹತ್ತರ ಸುಮಾರಿಗೆ, ಯಾರನ್ನೋ ಬೈಯುತ್ತ ಅರ್ಧ ಮಾತಿನಲ್ಲಿ ಪಕ್ಕಕ್ಕೆ ವಾಲಿದರು. ರಜೆಯಲ್ಲಿ ಮನೆಯಲ್ಲೇ ಇದ್ದ ನಾನು ಕೂಗು ಕೇಳಿ ಓಡಿದೆ. ಅಷ್ಟರಲ್ಲಿ ಅವರನ್ನು ಎತ್ತಿ ಗೋಡೆಗೊರಗಿಸಿ ಕೂರಿಸಿದ್ದರು. ಕುತ್ತಿಗೆ ಮುಟ್ಟಿ ನೋಡಿದೆ, ನಾಡಿಯಿಲ್ಲ. ಮೈ ಇನ್ನೂ ಬಿಸಿ. ನೆಲಕ್ಕೆ ಮಲಗಿಸಿ ಮೊಣಕಾಲೂರಿ ಅದುಮಲು ಶುರುಮಾಡಿದೆ. ಹತ್ತು ಸಲ ಅದುಮಿದೆನೋ ಹನ್ನೆರಡು ಸಲವೋ, ಹಿಂದಿನಿಂದ ದೊಡ್ಡಮಾವ ಅಬ್ಬರಿಸಿದರು: "ಸೊಸೆಯಾಗಿ ಮಾವನ್ ಎದೆ ಮ್ಯಾಲೆ ಕೈ ಆಕೀಯಲ್ಲ, ನಾಚ್ಕೆ ಆಗಾಕಿಲ್ವಾ? ಎಳೀರಲೇ ಅವ್ಳನ್ನ!" ಸೊಪ್ಪು ಕಟ್ಟುತ್ತಿದ್ದ ಹೆಂಗಸರೇ ನನ್ನ ಸೆರಗು ಹಿಡಿದು ಎಳೆದರು. ಬಸುರಿಯರಾಗಿದ್ದಾಗ ನನ್ನ ಮುಂದೆ ನಾಚಿಕೆ ಬಿಟ್ಟವರು ಅವರು.

ಆಮೇಲೆ ಚೊಂಬು ಬಂತು. ಹೋಗುವ ಜೀವಕ್ಕೆ ಬಂಧುಗಳು ಬಾಯಿಗೆ ನೀರು ಬಿಡುವುದು ನಮ್ಮಲ್ಲಿ ಪದ್ಧತಿ. ಮೊದಲು ಅತ್ತೆ, ಆಮೇಲೆ ದೊಡ್ಡಮಾವ, ಆಮೇಲೆ ಉಳಿದವರು, ವಾವೆವರಸೆ ತಪ್ಪದಂತೆ ಸಾಲಾಗಿ. ಕೃಷ್ಣರಾಜನಗರಕ್ಕೆ ಹೋಗಿದ್ದ ನನ್ನ ಗಂಡನ ಪಾಲಿನದನ್ನು ಬೇರೊಬ್ಬರು ಬಿಟ್ಟರು. ನಾಲ್ಕೈದು ನಿಮಿಷಗಳು ಹಾಗೆ ಬಹಳ ಮರ್ಯಾದೆಯಿಂದ ಮುಗಿದವು. ಕಡೆಗೆ ಅದೇ ದೊಡ್ಡಮಾವ ನನ್ನನ್ನು ಕರೆದು, "ಬಾರವ್ವ, ನೀನೂ ಒಂದ್ ಗುಟ್ಕು ಬುಡು" ಎಂದರು. ಎದೆ ಮುಟ್ಟಬಾರದ ಸೊಸೆ ಬಾಯಿಗೆ ನೀರು ಬಿಡಬಹುದು! ಉಳಿಸಲು ಬಂದರೆ ಮೈಲಿಗೆಯಾಗುವ ಕೈ ಕಳಿಸಲು ಬಂದರೆ ಮಡಿ! ನಾನು ಚೊಂಬು ಎತ್ತಿ ಎಸೆಯಬೇಕಾಗಿತ್ತು. ಎಸೆಯಲಿಲ್ಲ. ನೀರು ಬಿಟ್ಟೆ. ಅದು ಅವರ ತುಟಿಯಂಚಿನಿಂದ ಕಿವಿಯ ಕಡೆಗೆ ಹರಿದುಹೋಯಿತು.

"ಆಯಸ್ಸು ಮುಗ್ದಿತ್ತು ಕಣವ್ವ" ಎಂದು ಊರು ಹೇಳಿತು. ಅದನ್ನು ಹೇಗೋ ನುಂಗಿಕೊಂಡೆ. ಕೆಲಸಕ್ಕೆ ಮರಳಿದ ದಿನ ಡಾಕ್ಟರು ಸಮಾಧಾನಕ್ಕೆಂದು ಅದೇ ಪತ್ರಿಕೆ ತೆರೆದು, ಬದುಕುಳಿದವರ ಪಟ್ಟಿ ತೋರಿಸಿ, "ನೋಡಿ ಸಿಸ್ಟರ್, ದೊಡ್ಡ ಆಸ್ಪತ್ರೆಗಳಲ್ಲೇ ಹೆಚ್ಚಿನವರು ಉಳಿಯೋದಿಲ್ಲ, ನಿಮ್ಮ ಮಾವ ಉಳೀತಿರಲಿಲ್ಲ ಬಿಡಿ" ಎಂದರು. ನನಗೆ ರೇಗಿದ್ದು ಅಲ್ಲಿ. ಊರು ಓದದೆ ಹೇಳಿದ್ದನ್ನು ಇವರು ಓದಿ ಹೇಳಿದರು, ಅಷ್ಟೇ. ಆ ಪಟ್ಟಿಯಲ್ಲಿದ್ದವರು ವೈದ್ಯರ ಕಣ್ಣೆದುರು ಬಿದ್ದವರು. ಬ್ಯಾರನ್ ಮುಂದೆ ಬಿದ್ದವರಿಗೆ ಅದರಲ್ಲಿ ಕಾಲಮ್ಮೇ ಇರಲಿಲ್ಲ. ನಮ್ಮ ಮಾವ ಬದುಕಿದವರ ಲೆಕ್ಕದಲ್ಲಿಯೂ ಇಲ್ಲ, ಸತ್ತವರ ಲೆಕ್ಕದಲ್ಲಿಯೂ ಇಲ್ಲ. ಅವರು ಉಳಿಯುತ್ತಿದ್ದರೆಂದು ನಾನು ವಾದಿಸುವುದಿಲ್ಲ. ಕೆಲವರಾದರೂ ಉಳಿಯುತ್ತಾರೆಂದು ತೋರಿಸಲು ಯಾರೋ ವರ್ಷಗಟ್ಟಲೆ ಬೆವರು ಸುರಿಸಿ ಮಾಡಿದ ಪಟ್ಟಿಯನ್ನು, ಕೈಕಟ್ಟಿ ನಿಂತವರ ಸಮಾಧಾನಕ್ಕೆ ಬಳಸಬೇಡಿ ಎನ್ನುತ್ತೇನೆ.

ಮಾವನ ವರ್ಷಾಬ್ದಿಕ ಕಳೆದ ಮಾರನೆಯ ದಿನ ಅತ್ತೆ ಈ ದಿಂಬನ್ನು ಕೋಣೆಯಿಂದ ತಾವೇ ತಂದು ನಡುಮನೆಯಲ್ಲಿಟ್ಟರು. ಮುಂಬಾಗಿಲು ತೆರೆದೇ ಇತ್ತು.

"ನೀನು ಆವತ್ತು ಇದ್ನ ಅದುಮ್ತಿದ್ದದ್ದು, ನಿಮ್ಮಾವಂಗೆ ಮಾಡ್ದಲ್ಲ, ಅದ್ಕೇಯಾ?"

"ಹೂಂ ಅತ್ತೆ."

"ತೋರ್ಸು."

ತೋರಿಸಿದೆ. ಬಳೆಯಿಲ್ಲದ ಕೈಗಳನ್ನು ಒಂದರ ಮೇಲೊಂದಿಟ್ಟು ಅವರೂ ಅದುಮಿದರು, ಏದುಸಿರು ಬರುವವರೆಗೆ. ಆಮೇಲೆ ಹಿಮ್ಮಡಿಯ ಮೇಲೆ ಕೂತು ಕೇಳಿದರು: "ಇಷ್ಟೇನಾ?"

"ಇಷ್ಟೇ ಅತ್ತೆ."

"ಇಷ್ಟನ್ನ ಮೊದ್ಲೇ ಏಳ್ಬಾರ್ದಾಗಿತ್ತಾ? ನಂಗೊಬ್ಬಳ್ಗಾರ ಗೊತ್ತಿದ್ದಿದ್ರೆ ನಿನ್ನ ಎಳ್ಯಾಕೆ ಬುಡ್ತಿದ್ನಾ? ಹತ್ತಿ ಗಂಟುಕಟ್ಟೈತೆ ಅಂದ್ಯಲ್ಲ!"

ಊರಿನ ಮೇಲೆ, ಡಾಕ್ಟರ ಮೇಲೆ, ದೊಡ್ಡಮಾವನ ಮೇಲೆ ನಾನು ಹಲ್ಲು ಕಡಿದುಕೊಂಡು ಕಾಪಾಡಿಕೊಂಡಿದ್ದ ಕೋಪಕ್ಕೆಲ್ಲ ಅಂದು ವಿಳಾಸ ತಪ್ಪಿತ್ತೆಂದು ತಿಳಿಯಿತು. ಅಗುಳಿ ಹಾಕಿಕೊಂಡವಳು ನಾನು.

ಅಂದಿನಿಂದ ದಿಂಬು ನಡುಮನೆಯಲ್ಲೇ ಇದೆ. ಸೊಪ್ಪು ಕಟ್ಟಲು ಬರುವ ಹೆಂಗಸರನ್ನು ಅತ್ತೆ ಸಾಲಾಗಿ ಕೂರಿಸಿ ಒಬ್ಬೊಬ್ಬರಿಂದಲೂ ಅದುಮಿಸುತ್ತಾರೆ. ಕಿಸಕ್ಕೆಂದವರಿಗೆ ಬೈಗುಳ ತಪ್ಪಿದ್ದಲ್ಲ. ತಗ್ಗು ಈಗ ಮೊದಲಿಗಿಂತ ಆಳವಾಗಿದೆ. ನನ್ನ ಸರದಿ ಬಂದಾಗ ಮಾತ್ರ ಅತ್ತೆ ನನ್ನ ಕೈಗಳನ್ನು ನೋಡದೆ ಎದ್ದು ಒಲೆಯ ಕಡೆ ಹೋಗುತ್ತಾರೆ.